ದರ್ಜಿಯ ಮಗನ ಅರ್ಧರ್ಧ ನಾಟಕಗಳು

ಹನ್ನೊಂದು ನಾಟಕ ಬರೆದು, ಎರಡು ಪ್ರಶಸ್ತಿ ಪಡೆದು, ಕಾಲೇಜಿನ ಪಾಠಪುಸ್ತಕದಲ್ಲೂ ಹೆಸರು ಬಂದ ಮೇಲೂ ಅವನನ್ನು ಆ ಬೀದಿಯವರು ಕರೆಯುವುದು ಜಿಪ್ಪು ಎಂದೇ. ಅಬ್ಬಾನ ದರ್ಜಿ ಅಂಗಡಿಯಲ್ಲಿ ಹದಿಮೂರನೆಯ ವಯಸ್ಸಿನಿಂದ ಅವನ ಪಾಲಿಗೆ ಬಂದ ಕೆಲಸ ಕೆಟ್ಟುಹೋದ ಜಿಪ್ಪು ಕಿತ್ತು ಹೊಸದು ಹಾಕುವುದು. ನಾಟಕಕಾರನಾದ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ. ಹೊಸ ನಾಟಕದ ಮೊದಲ ಪ್ರದರ್ಶನದ ದಿನ ಪಕ್ಕದ ಬೀಗದಂಗಡಿಯವನು ತಪ್ಪದೆ ತಲೆ ಹಾಕಿ, "ಏನ್ ಜಿಪ್ಪು, ಇವತ್ತು ಸರಾಗ ಓಡುತ್ತೋ, ಅರ್ಧದಲ್ಲಿ ಸಿಕ್ಕೊಳ್ಳುತ್ತೋ?" ಎಂದು ಕೇಳಿಯೇ ಹೋಗುತ್ತಿದ್ದ.

ಅಂಗಡಿ ಇದ್ದದ್ದು ನಾಲ್ಕು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಎರಡು ಹೊಲಿಗೆ ಮೆಷಿನ್ನು, ಕತ್ತರಿಸುವುದಕ್ಕೊಂದು ಉದ್ದ ಮೇಜು, ಬಟ್ಟೆ ಹಾಕಿ ನೋಡುವುದಕ್ಕೆ ಪರದೆ ಕಟ್ಟಿದ ಒಂದು ಮೂಲೆ. ಆ ಮೂಲೆಯಲ್ಲಿ ಎರಡು ಕೈಯನ್ನೂ ಒಟ್ಟಿಗೆ ಎತ್ತಲಾಗುತ್ತಿರಲಿಲ್ಲ. ಅಬ್ಬಾ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಉದ್ದದ್ದನ್ನು ಗಿಡ್ಡ, ಬಿಗಿಯಾದದ್ದನ್ನು ಸಡಿಲ ಮಾಡಿಕೊಡುವುದಷ್ಟೇ. ಯಾರಾದರೂ ಪ್ಯಾಂಟು ತಂದು ಸೊಂಟ ಬಿಡಿಸಿಕೊಡಿ ಎಂದರೆ ಅವರು ಮೊದಲು ಅದನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡುತ್ತಿದ್ದರು. ಅಲ್ಲಿ ಎರಡು ಬೆರಳು ಬಟ್ಟೆ ಮಡಿಸಿ ಬಿಟ್ಟಿದ್ದರೆ ಮುಖ ಅರಳುತ್ತಿತ್ತು. ಕತ್ತರಿಸಿ ಎಸೆದಿದ್ದರೆ ಹುಬ್ಬು ಗಂಟಿಕ್ಕಿ, "ಇದನ್ನ ಹೊಲಿದವನಿಗೆ ಮನುಷ್ಯ ನಾಳೆನೂ ಊಟ ಮಾಡ್ತಾನೆ ಅನ್ನೋದು ಗೊತ್ತಿಲ್ಲ," ಎನ್ನುತ್ತಿದ್ದರು. ಪ್ಯಾಂಟಿನ ಯಜಮಾನನಿಗೆ ತಾನೇ ಬೈಸಿಕೊಂಡ ಹಾಗಾಗುತ್ತಿತ್ತು.

ಅಬ್ಬಾ ಮತ್ತು ಅಮ್ಮಿ ಈ ಊರಿನವರಲ್ಲ, ಈ ದೇಶದವರೇ ಅಲ್ಲ. ಹೊಲಿಗೆ ಮೆಷಿನ್ನಿನ ತಲೆಯನ್ನು ಮಾತ್ರ ಕಂಬಳಿಯಲ್ಲಿ ಸುತ್ತಿಕೊಂಡು, ಅದರ ಕಬ್ಬಿಣದ ಕಾಲನ್ನು ಅಲ್ಲೇ ಬಿಟ್ಟು ಬಂದವರು. ಮೊದಲ ವರ್ಷ ಅಬ್ಬಾನಿಗೆ ಇಲ್ಲಿನ ಭಾಷೆಯಲ್ಲಿ ಬರುತ್ತಿದ್ದದ್ದು ಅಂಕಿಗಳು, ಸಡಿಲ, ಬಿಗಿ, ನಾಳೆ, ಇಷ್ಟೇ. ಇಷ್ಟರಲ್ಲೇ ಸಂಸಾರ ನಡೆಸಬಹುದು ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಆ ಮೊದಲ ಚಳಿಗಾಲದ ಒಂದು ವಿಷಯ ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ. ಅದನ್ನು ಜಿಪ್ಪುವಿಗೆ ಹೇಳಿದವಳು ಅಮ್ಮಿ, ಅವನಿಗೆ ಇಪ್ಪತ್ತೆರಡಾದಾಗ, ಒಗೆದ ಬಟ್ಟೆ ಮಡಿಸುತ್ತಾ.

"ಮೂರನೇ ಮಹಡೀಲಿ ಒಂದೇ ರೂಮು. ನಿಮ್ಮಕ್ಕ ಕೈಕೂಸು. ಇನ್ನೊಬ್ಬರನ್ನ ಸೇರಿಸಿದ್ರೆ ಎಲ್ಲರನ್ನೂ ಸಾಮಾನು ಸಮೇತ ಬೀದಿಗೆ ಹಾಕ್ತೀನಿ ಅಂದಿದ್ಳು ಮನೆ ಯಜಮಾನಿ. ನಿಮ್ಮ ದೊಡ್ಡಪ್ಪ ಒಂದಿನ ಹೇಳದೆ ಕೇಳದೆ ಒಂದು ಚೀಲ ಹಿಡ್ಕೊಂಡು ಬಂದುಬಿಟ್ರು. ಬಾಗಿಲು ಬಡಿದ್ರು. ಮನೇಲಿ ಕರಿಯೋ ಹೆಸರು ಹಿಡಿದು ಕೂಗಿದ್ರು. ನಿಮ್ಮಬ್ಬಾ ಈಚೆ ಕಡೆ ಉಸಿರು ಹಿಡ್ಕೊಂಡು ನಿಂತೇ ಇದ್ರು. ತೆಗೀಲಿಲ್ಲ."

"ಆಮೇಲೆ?"

"ನಾನು ಗೋಡೆ ಕಡೆ ತಿರುಗಿ ಮಗೂಗೆ ಹಾಲು ಕೊಡ್ತಿದ್ದೆ. ಹಾಗೇ ನಿದ್ದೆ ಹೋದೆ. ಬೆಳಿಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ." ಒಂದು ಅಂಗಿಯ ತೋಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ದೊಡ್ಡಪ್ಪ ಬೇರೆ ಯಾವುದೋ ಊರಿಗೆ ಹೋಗಿ, ಅಲ್ಲೇ ದುಡಿದು, ಅಲ್ಲೇ ತೀರಿಕೊಂಡಿದ್ದರು. ಸುದ್ದಿ ಮೂರನೆಯವರ ಬಾಯಿಂದ ಬಂದಿತ್ತು.

ಜಿಪ್ಪು ತನ್ನ ಮೊದಲ ನಾಟಕ ಬರೆದದ್ದು ಇದರ ಮೇಲೆ. ಪ್ಯಾಂಟು ಸುತ್ತಿಕೊಡುವ ಕಂದು ಕಾಗದದ ಮೇಲೆ ಬರೆದ. ಕೆಲವು ದೃಶ್ಯಗಳು ಗಿರಾಕಿಗಳ ಮನೆ ಸೇರಿದವು, ಅವುಗಳನ್ನು ಮತ್ತೆ ಬರೆಯಬೇಕಾಯಿತು. ಮೊದಲರ್ಧದ ತುಂಬ ನಗು. ತಮ್ಮನೊಬ್ಬ ಊರಿಗೆ ಬರೆಯುವ ಕಾಗದಗಳಲ್ಲಿ ತನ್ನ ಒಂದೇ ರೂಮಿಗೆ ವಾರಕ್ಕೊಂದು ಕೋಣೆ ಸೇರಿಸುತ್ತಾ ಹೋಗುತ್ತಾನೆ. ಅದನ್ನು ನಂಬಿ ಅಣ್ಣ ಹೊರಟು ಬರುತ್ತಾನೆ. ಬಾಗಿಲು ಬಡಿಯುತ್ತಾನೆ. ಒಳಗೆ ತಮ್ಮ ಚಿಲಕದ ಮೇಲೆ ಕೈ ಇಟ್ಟು ನಿಲ್ಲುತ್ತಾನೆ, ಕತ್ತಲಾಗುತ್ತದೆ. ಮಧ್ಯಂತರ.

ಎರಡನೆಯರ್ಧದಲ್ಲಿ ಜಿಪ್ಪು ಆ ಬಾಗಿಲು ತೆಗೆಸಿದ್ದ. ಅಣ್ಣ ಇನ್ನೂ ಮೆಟ್ಟಿಲ ಮೇಲೆ ಚೀಲದ ಮೇಲೆಯೇ ಕೂತಿರುತ್ತಾನೆ. "ಕಾಲು ನೋಯ್ತಿತ್ತು, ಅದಕ್ಕೆ ಕೂತೆ. ನಿನ್ನ ಮೇಲಿನ ಪ್ರೀತಿಗಲ್ಲ," ಎನ್ನುತ್ತಾನೆ. ಆಮೇಲೆ ಅವನನ್ನು ಮನೆ ಯಜಮಾನಿಯ ಕಣ್ಣಿಗೆ ಬೀಳದಂತೆ ಬಚ್ಚಿಡಲು ಇಡೀ ಸಂಸಾರ ತಿಪ್ಪರಲಾಗ ಹಾಕುತ್ತದೆ. ಜಿಪ್ಪು ಬರೆದದ್ದೇ ಆ ಬಾಗಿಲು ತೆಗೆಸುವುದಕ್ಕಾಗಿ. ಅಬ್ಬಾ ಅದನ್ನು ನೋಡಬೇಕು ಎಂಬುದೊಂದೇ ಅವನ ಆಸೆ. ನೋಡಿದರೆ ಏನಾದೀತೋ ಎಂಬುದೇ ಅವನ ಭಯ.

ನಾಟಕ ಆಡಿದ್ದು ಟೈರು ಗೋದಾಮಿನ ಮೇಲಿನ ಹಾಲಿನಲ್ಲಿ. ಎಂಬತ್ತು ಕುರ್ಚಿ, ಯಾವ ದೃಶ್ಯಕ್ಕಾದರೂ ರಬ್ಬರಿನ ವಾಸನೆ. ಅಬ್ಬಾ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು ಎರಡನೆಯ ಸಾಲಿನಲ್ಲಿ ಕೂತರು. ಜೀವಮಾನದಲ್ಲಿ ಅವರು ಸಿನಿಮಾ, ನಾಟಕ ಏನನ್ನೂ ನೋಡಿದವರಲ್ಲ. ಪರದೆ ಎಂದರೆ ಅವರಿಗೆ ಅಂಗಡಿಯ ಮೂಲೆಯದೊಂದೇ ಗೊತ್ತಿದ್ದದ್ದು. ರಂಗದ ಮೇಲೆ ತಮ್ಮ ಚಿಲಕದ ಮೇಲೆ ಕೈ ಇಟ್ಟ, ಕತ್ತಲಾಯಿತು, ದೀಪ ಹತ್ತಿತು, ಜನ ಚಪ್ಪಾಳೆ ತಟ್ಟಿ ಎದ್ದರು, ಮೆಟ್ಟಿಲಿಳಿಯತೊಡಗಿದರು. ಅಬ್ಬಾ ಗಡಿಯಾರ ನೋಡಿಕೊಂಡರು. ಸೂರ್ಯ ಮುಳುಗುವ ಹೊತ್ತು, ಸಂಜೆಯ ನಮಾಜಿಗೆ ಸರಿಯಾದ ಸಮಯ. ಅವರೂ ಇಳಿದು ಎರಡು ಬೀದಿ ಆಚೆಯ ಮಸೀದಿಗೆ ಹೋಗಿ ನಮಾಜು ಮುಗಿಸಿ, ಅಲ್ಲಿಂದ ಹತ್ತಿರವೇ ಇದ್ದ ಮನೆಗೆ ಹೋಗಿ, ಕೋಟು ತೂಗುಹಾಕಿ ಕೂತರು.

ಅಮ್ಮಿ ಮತ್ತು ಅಕ್ಕ ಆ ಹೊತ್ತಿಗೆ ವೇಷಭೂಷಣದ ಕೋಣೆಯಲ್ಲಿ ಗಡ್ಡಮೀಸೆಗಳನ್ನು ಪಕ್ಕಕ್ಕೆ ಸರಿಸಿ ನಮಾಜು ಮಾಡಿಕೊಂಡು, ಹಿಂತಿರುಗಿ ಬಂದು, ಉಳಿದರ್ಧ ನೋಡಿದರು. ಎರಡನೆಯ ಸಾಲಿನ ಖಾಲಿ ಕುರ್ಚಿಯನ್ನು ಜಿಪ್ಪು ಪರದೆಯ ಸಂದಿಯಿಂದ ನೋಡುತ್ತಲೇ ಇದ್ದ. ಅಬ್ಬಾನಿಗೆ ಸಿಟ್ಟು ಬಂದಿದೆ, ಇನ್ನು ಮನೆಗೆ ಸೇರಿಸುವುದಿಲ್ಲ ಎಂದೇ ಅವನು ನಂಬಿಬಿಟ್ಟ.

ಊಟಕ್ಕೆ ಕೂತಾಗ ಅಬ್ಬಾ ಒಂದು ಲೋಟ ನೀರು ಪೂರ್ತಿ ಕುಡಿದು ಹೇಳಿದರು: "ಬಾಗಿಲು ಮುಚ್ಚಿದಲ್ಲಿಗೇ ಮುಗಿಸಿದೀಯ. ಸರಿ ಮಾಡ್ದೆ. ಅದರ ಮುಂದೆ ಹೇಳೋಕೆ ಏನಿದೆ?"

ಜಿಪ್ಪು ಬಾಯಿ ತೆರೆದ. ಮೇಜಿನ ಕೆಳಗೆ ಅಮ್ಮಿ ಅವನ ಕಾಲು ತುಳಿದಳು.

"ಒಳಗೆ ಬಟ್ಟೆ ಬಿಟ್ಟು ಹೊಲಿದ ಹಾಗಿದೆ," ಎಂದರು ಅಬ್ಬಾ. "ಬೇಕಾದವರು ಬೇಕಾದಷ್ಟು ಬಿಡಿಸಿಕೊಳ್ಳಲಿ." ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಆಮೇಲೆ ಅಮ್ಮಿಯ ಕಡೆ ತಿರುಗಿ, "ಆಟ ಮುಗಿದು ಅಷ್ಟು ಹೊತ್ತಾಯ್ತು, ನೀವಿಬ್ರೂ ಎಲ್ಲಿದ್ರಿ?" ಎಂದು ಕೇಳಿದರು.

"ಹೆಂಗಸರ ಜೊತೆ ಮಾತಾಡ್ತಾ ನಿಂತ್ವಿ."

"ಒಂದೂವರೆ ಗಂಟೆ?"

"ಹೂಂ."

ಇದರಲ್ಲಿ ಅನುಮಾನಪಡುವಂಥದ್ದೇನೂ ಅಬ್ಬಾನಿಗೆ ಕಾಣಲಿಲ್ಲ.

ಅಡುಗೆಮನೆಯಲ್ಲಿ ಜಿಪ್ಪು ಪಿಸುಗುಟ್ಟಿದ, "ಅಮ್ಮಿ, ಅವರು ಅರ್ಧ ನಾಟಕ ನೋಡಿದಾರೆ."

"ಹುಟ್ಟಿದಾಗಿಂದ ಮೊದಲನೇ ಸಲ ನಿನ್ನನ್ನ ಹೊಗಳಿದಾರೆ. ಸುಮ್ನಿರು."

"ಸುಳ್ಳಾಗಲ್ವಾ?"

"ನಾವೆಲ್ಲಿ ಸುಳ್ಳು ಹೇಳಿದ್ವಿ? ಅವರು ಕೇಳಲಿಲ್ಲ, ನಾವು ಹೇಳಲಿಲ್ಲ." ಹಾಗೆ ಅಂದಳಾದರೂ ಪ್ರತಿ ಶುಕ್ರವಾರ ಎಲ್ಲ ಕೋರಿಕೆಗಳೂ ಮುಗಿದ ಮೇಲೆ ಈ ಒಂದು ವಿಷಯಕ್ಕೆ ಪ್ರತ್ಯೇಕವಾಗಿ ದೇವರಲ್ಲಿ ಕ್ಷಮೆ ಕೇಳಿಕೊಳ್ಳುವುದನ್ನು ಅವಳು ಅಂದಿನಿಂದ ರೂಢಿ ಮಾಡಿಕೊಂಡಳು.

ಜಿಪ್ಪುವಿನ ಸಾಹಿತ್ಯ ಜೀವನ ಹೀಗೆ ಒಂದು ಕಾಲ್ತುಳಿತದಿಂದ ಶುರುವಾಯಿತು. ಎರಡನೆಯ ನಾಟಕಕ್ಕೆ ಅಬ್ಬಾ ತಾವಾಗಿಯೇ ಬರುತ್ತೇನೆ ಎಂದರು. ಈಗ ಏನು ಮಾಡುವುದು? ಮಧ್ಯಂತರ ಸಂಜೆಯ ನಮಾಜಿಗೆ ಸರಿಯಾಗಿ ಬರಬೇಕು, ಮೊದಲರ್ಧ ತನ್ನಷ್ಟಕ್ಕೆ ತಾನೇ ಒಂದು ಪೂರ್ತಿ ನಾಟಕದಂತಿರಬೇಕು, ಆಮೇಲೂ ಏನೋ ಉಳಿದಿರಬೇಕು. ಜಿಪ್ಪು ಮಸೀದಿಯಲ್ಲಿ ಕೊಡುವ ನಮಾಜಿನ ವೇಳಾಪಟ್ಟಿಯನ್ನು ಬರೆಯುವ ಮೇಜಿನ ಮೇಲೆ ಅಂಟಿಸಿಕೊಂಡ. ಸೂರ್ಯ ದಿನಕ್ಕೊಂದು ಹೊತ್ತಿಗೆ ಮುಳುಗುತ್ತಾನೆ, ಹಾಲಿನವರು ಮಾತ್ರ ಐದು ಗಂಟೆಗೇ ಶುರು ಮಾಡಬೇಕೆನ್ನುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ಆಡುವ ನಾಟಕಗಳ ಮೊದಲರ್ಧ ಮೊಟಕು, ಬೇಸಿಗೆಯಲ್ಲಿ ಆಡುವವುಗಳದ್ದು ಮುಗಿಯುವುದೇ ಇಲ್ಲ. ಮುಂದೆ ಒಬ್ಬ ಪ್ರಾಧ್ಯಾಪಕರು ಅವನ ಕೃತಿಗಳನ್ನು 'ಸಂಯಮದ ಘಟ್ಟ' ಮತ್ತು 'ವಿಸ್ತಾರದ ಘಟ್ಟ' ಎಂದು ವಿಂಗಡಿಸಿ ಪ್ರಬಂಧ ಬರೆದರು. ಅದನ್ನು ಓದಿ ಅಕ್ಕ ನಕ್ಕು ನಕ್ಕು, ಔಷಧಿ ಅಂಗಡಿಯ ಕೆಲಸಕ್ಕೆ ಆ ದಿನ ಹೊತ್ತು ಮಾಡಿಕೊಂಡು ಹೋದಳು.

ಪತ್ರಿಕೆಯ ವಿಮರ್ಶಕನೊಬ್ಬ ಅಷ್ಟು ಒಳ್ಳೆಯವನಾಗಿರಲಿಲ್ಲ. "ಮಧ್ಯಂತರಕ್ಕೇ ಮುಗಿದಿದ್ದರೆ ಇದು ಶ್ರೇಷ್ಠ ನಾಟಕವಾಗುತ್ತಿತ್ತು" ಎಂದು ನಾಲ್ಕನೆಯ ನಾಟಕಕ್ಕೆ ಬರೆದ. ಆರನೆಯದಕ್ಕೂ ಅದನ್ನೇ ಬರೆದ. ಜಿಪ್ಪು ಹದಿನೈದು ವರ್ಷ ಅವನ ಮೇಲೆ ಹಲ್ಲು ಕಡಿದ. ಅಕ್ಕ ಅಬ್ಬಾನಿಗೆ ಪತ್ರಿಕೆ ಓದಿ ಹೇಳುವಾಗ "ಶ್ರೇಷ್ಠ ನಾಟಕ" ಎಂಬ ಎರಡು ಮಾತು ಮಾತ್ರ ಓದಿ ಪುಟ ಮಗುಚುತ್ತಿದ್ದಳು.

ಒಮ್ಮೆ ನಿವೃತ್ತ ಶಾಲಾ ಮೇಡಂ ಒಬ್ಬರು ಸ್ಕರ್ಟು ಸಡಿಲ ಮಾಡಿಸಲು ಬಂದವರು, "ನಿಮ್ಮ ಮಗನ ನಾಟಕ ನೋಡ್ದೆ ಮಾಸ್ಟ್ರೇ. ಕೊನೆಗೆ ಆ ನರ್ಸು ಆಸ್ಪತ್ರೆ ಬಿಟ್ಟು ಬೇಕರಿ ಇಡ್ತಾಳಲ್ಲ, ನನಗೆ ಅಳುನೇ ಬಂತು," ಎಂದರು. ಜಿಪ್ಪುವಿನ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ಅಬ್ಬಾ ತಾಳ್ಮೆಯಿಂದ ಟೇಪು ಸುತ್ತಿಟ್ಟರು. ಮೇಡಂ ಹೋದ ಮೇಲೆ ಮಗನಿಗೆ ಹೇಳಿದರು, "ನೋಡಿದ್ಯಾ? ನೀನು ಆ ಹುಡುಗೀನ ಬಸ್ ಸ್ಟಾಪಲ್ಲಿ ಬಿಟ್ಟೆ. ಅವರು ಮನೆಗೆ ಹೋಗಿ ತಾವೇ ಬೇಕರಿ ಹಾಕಿಕೊಟ್ಟಿದಾರೆ. ಬೀಗದಂಗಡಿಯವನೂ ಅದನ್ನೇ ಅಂದ. ಒಂದೇ ಥರ ಯೋಚನೆ ಮಾಡ್ತಾರೆ ಈ ಊರಿನವರು."

ಹೀಗೆ ಇಪ್ಪತ್ತೈದು ವರ್ಷ ನಡೆಯಿತು. ಹನ್ನೊಂದು ನಾಟಕ, ಎರಡನೆಯ ಸಾಲಿನಲ್ಲಿ ಹನ್ನೊಂದು ಸಲ ಖಾಲಿಯಾದ ಕುರ್ಚಿ. ಜಿಪ್ಪುವಿನ ಕೂದಲು ಕಿವಿಯ ಹತ್ತಿರ ಬೆಳ್ಳಗಾಯಿತು. ಪ್ರಶಸ್ತಿ ಬಂದಾಗ ಅವನಿಗೆ ಅನ್ನಿಸಿದ್ದು ಒಂದೇ: ನಾನು ನಿಜವಾಗಿ ಬರೆದದ್ದನ್ನು ಅಬ್ಬಾ ಒಂದು ದಿನವೂ ನೋಡಲಿಲ್ಲ, ಅವರು ಹೊಗಳಿದ್ದು ನಾನು ಬರೆಯದ ನಾಟಕವನ್ನು.

ಆಗ ಟೈರು ಗೋದಾಮಿನ ಹಾಲು ಕೆಡವಿ ಹೊಸದು ಕಟ್ಟಿದರು. ಮೊದಲಿನಿಂದಲೂ ಜಿಪ್ಪುವಿನ ನಾಟಕಗಳನ್ನು ಆಡಿಸುತ್ತಿದ್ದ ನಿರ್ದೇಶಕಿ, ಹೊಸ ಹಾಲಿನ ಆರಂಭಕ್ಕೆ ಅವನ ಮೊದಲ ನಾಟಕವನ್ನೇ ಮತ್ತೆ ಆಡುವುದು ಎಂದು ತೀರ್ಮಾನಿಸಿದಳು. ಗಟ್ಟಿ ದನಿಯ, ಒಳ್ಳೆಯ ಮನಸ್ಸಿನ ಹೆಂಗಸು. ಜಿಪ್ಪುವನ್ನು ಕರೆದುಕೊಂಡು ಹೋಗಿ ಹಾಲಿನ ಪಕ್ಕದ ಒಂದು ಪುಟ್ಟ ಕೋಣೆಯ ಬಾಗಿಲು ತೆಗೆದು ತೋರಿಸಿದಳು. ಸ್ವಚ್ಛ ಚಾಪೆ, ಒಂದು ಬೆನ್ನಿರುವ ಕುರ್ಚಿ, ಕೈಕಾಲು ತೊಳೆಯಲು ನಲ್ಲಿ.

"ನಿಮ್ಮಮ್ಮ ಇಪ್ಪತ್ತೈದು ವರ್ಷ ನನ್ನ ಗಡ್ಡಮೀಸೆಗಳ ಮಧ್ಯೆ ನಮಾಜು ಮಾಡಿದಾರೆ. ಇನ್ನು ಬೇಡ. ಕುರ್ಚಿ ನಿಮ್ಮ ತಂದೆಯವರಿಗೆ. ಮಂಡಿ ನೋವು ಅಂದ್ರಲ್ಲ, ಮಸೀದಿ ತನಕ ನಡೆಯೋದು ಯಾಕೆ? ಇಲ್ಲೇ ಮುಗಿಸ್ಕೊಂಡು ವಾಪಸ್ ಬಂದು ಕೂತ್ಕೊಳ್ಳಲಿ."

ಜಿಪ್ಪು ಆ ಕುರ್ಚಿಯ ಬೆನ್ನನ್ನೊಮ್ಮೆ ಮುಟ್ಟಿ ನೋಡಿದ. "ತುಂಬಾ ಉಪಕಾರ," ಎಂದ. ಅವನ ಮುಖ ನೋಡಿ ನಿರ್ದೇಶಕಿ, ಪಾಪ ಭಾವುಕನಾಗಿದ್ದಾನೆ ಎಂದುಕೊಂಡು ಬೆನ್ನು ತಟ್ಟಿದಳು.

ಅಬ್ಬಾನಿಗೆ ಆಗ ಎಪ್ಪತ್ತೆಂಟು. ಮುಂಚಿತವಾಗಿ ಹೇಳಿಬಿಡುವುದೇ ಒಳ್ಳೆಯದೆಂದು ಜಿಪ್ಪು ಮೂರು ಸಲ ಪ್ರಯತ್ನಪಟ್ಟ. ಮೊದಲ ಸಲ, "ಅಬ್ಬಾ, ನಾಟಕದಲ್ಲಿ ಮಧ್ಯಂತರ ಅಂತ ಒಂದಿರುತ್ತೆ," ಎಂದು ಶುರು ಮಾಡಿದ. "ಇರಲಿ, ನಿನಗೆ ಬೇಕಾದ್ದು ಹಾಕ್ಕೋ, ನಾನು ಅಡ್ಡಿ ಮಾಡಲ್ಲ," ಎಂದು ಅವರು ಮೆಷಿನ್ನು ತುಳಿಯತೊಡಗಿದರು. ಎರಡನೆಯ ಸಲ ಗಿರಾಕಿ ಬಂದರು. ಮೂರನೆಯ ಸಲ ಅಬ್ಬಾ ತಾವೇ, "ಆ ಮೊದಲನೇ ನಾಟಕಾನೇ ಮತ್ತೆ ಆಡ್ತಾರಂತಲ್ಲ. ಬಾಗಿಲು ಹಾಗೇ ಮುಚ್ಚಿರುತ್ತೆ ತಾನೆ? ಬದಲಾಯಿಸಿಲ್ಲ ತಾನೆ?" ಎಂದು ಕೇಳಿದರು. ಜಿಪ್ಪು ಎದ್ದು ಅಮ್ಮಿಯ ಹತ್ತಿರ ಹೋದ.

"ಅಮ್ಮಿ, ನೀನಾದ್ರೂ ಹೇಳು," ಎಂದ ಅವನು.

"ನಾನು ಶುಕ್ರವಾರ ಕೇಳಿಕೊಂಡಿದೀನಿ," ಎಂದಳು ಅಮ್ಮಿ. "ದೇವರೇ ಒಂದು ಕೋಣೆ ಕಟ್ಟಿಸಿದ ಮೇಲೆ ನಾವು ಮಧ್ಯೆ ಬಾಯಿ ಹಾಕಬಾರದು."

ಆ ದಿನ ರಂಗದ ಮೇಲೆ ತಮ್ಮ ಚಿಲಕದ ಮೇಲೆ ಕೈ ಇಟ್ಟ, ಕತ್ತಲಾಯಿತು, ದೀಪ ಹತ್ತಿತು. ಅಬ್ಬಾ ಅಮ್ಮಿಯ ಜೊತೆ ಪುಟ್ಟ ಕೋಣೆಗೆ ಹೋಗಿ, ಕುರ್ಚಿಯ ಮೇಲೆ ಕೂತು ನಮಾಜು ಮುಗಿಸಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹೊರಗೆ ಬಂದರು. ಜನ ಹಾಲಿನ ಒಳಗೆ ಹೋಗುತ್ತಿದ್ದರು.

"ಎರಡನೇ ಆಟಾನೂ ಇದೆಯಾ?" ಎಂದು ಬಾಗಿಲಲ್ಲಿ ನಿಂತಿದ್ದವನನ್ನು ಕೇಳಿದರು.

"ಎರಡನೇ ಆಟ ಅಲ್ಲ ತಾತ, ಎರಡನೇ ಭಾಗ. ಬೇಗ ಬನ್ನಿ, ದೀಪ ಆರಿಸ್ತಾರೆ."

ಅಬ್ಬಾ ಅಮ್ಮಿಯ ಕಡೆ ನೋಡಿದರು. ಅಮ್ಮಿ ಚಾವಣಿಯ ಹೊಸ ದೀಪಗಳನ್ನು ನೋಡಿದಳು. ಅಬ್ಬಾ ಹೋಗಿ ಎರಡನೆಯ ಸಾಲಿನಲ್ಲಿ ಕೂತರು.

ಪರದೆಯ ಸಂದಿಯಲ್ಲಿ ಜಿಪ್ಪು ನಿಂತಿದ್ದ. ರಂಗದ ಮೇಲೆ ತಮ್ಮ ಚಿಲಕ ಸರಿಸಿ ಬಾಗಿಲು ತೆಗೆದ. ಅಣ್ಣ ಚೀಲದ ಮೇಲೆ ಕೂತಿದ್ದ. "ಕಾಲು ನೋಯ್ತಿತ್ತು," ಎಂದ. ಹಾಲಿಗೆ ಹಾಲೇ ನಕ್ಕಿತು. ಅಬ್ಬಾ ಮಾತ್ರ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಮುಂದಕ್ಕೆ ಬಾಗಿದ್ದರು. ಒಂದು ಗಂಟೆ ಇಪ್ಪತ್ತು ನಿಮಿಷ ಅವರು ಹಿಂದಕ್ಕೆ ಒರಗಲಿಲ್ಲ, ಆ ಹಿಡಿತವನ್ನೂ ಬಿಡಲಿಲ್ಲ. ಆ ಕುರ್ಚಿಯಲ್ಲಿ ಕೂತಿದ್ದವರು ಎರಡು ಸಲ ತಿರುಗಿ ನೋಡಿ ಸುಮ್ಮನಾದರು.

ಎಲ್ಲರೂ ಹೋದ ಮೇಲೆ ಜಿಪ್ಪು ಬಂದು ಪಕ್ಕದಲ್ಲಿ ಕೂತ. ಅಮ್ಮಿ ಆ ಕಡೆ ಇದ್ದಳು.

"ಮುಗೀತಾ?" ಎಂದರು ಅಬ್ಬಾ.

"ಮುಗೀತು ಅಬ್ಬಾ."

"ಖಾತ್ರಿನಾ? ನಾನು ಎದ್ದು ಹೋದ ಮೇಲೆ ಇನ್ನೇನಾದ್ರೂ ಶುರು ಮಾಡ್ತೀರೋ?"

"ಇಲ್ಲ. ಇಷ್ಟೇ."

"ಉಳಿದ ಹತ್ತಕ್ಕೂ ಹೀಗೇ ಬಾಲ ಇದೆಯಾ?"

"ಇದೆ."

"ಆ ನರ್ಸು?"

"ಬೇಕರಿ ಇಡ್ತಾಳೆ."

ಅಬ್ಬಾ ಕಣ್ಣು ಮುಚ್ಚಿ ತೆರೆದರು. "ಸ್ಕರ್ಟು ತಗೊಳ್ಳೋಕೆ ಬಂದಾಗ ಆ ಮೇಡಮ್ಮನಿಗೆ, ನಿಮಗೆ ಭಾರೀ ಕಲ್ಪನೆ ಕಣಮ್ಮ ಅಂತ ಹೇಳಿದ್ದೆ ನಾನು." ಆಮೇಲೆ ಅಮ್ಮಿಯ ಕಡೆ ತಿರುಗಿ, "ಇಪ್ಪತ್ತೈದು ವರ್ಷ ಹೆಂಗಸರ ಜೊತೆ ಮಾತಾಡ್ತಿದ್ದೆ ಅಂದ್ಯಲ್ಲ?"

"ಮಾತೂ ಆಡ್ತಿದ್ದೆ," ಎಂದಳು ಅಮ್ಮಿ.

ಜಿಪ್ಪು ತನ್ನ ಬೆರಳುಗಳನ್ನೇ ನೋಡುತ್ತಿದ್ದ. "ಅಬ್ಬಾ, ನೀವು ಆವತ್ತು ಸರಿ ಮಾಡ್ದೆ ಅಂದ್ರಿ. ಆದರೆ ನಾನು ಮಾಡಿದ್ದು ಅದಲ್ಲ. ಹೇಳೋಕೆ ಧೈರ್ಯ ಬರಲಿಲ್ಲ."

ಅಬ್ಬಾ ರಂಗದ ಮೇಲಿನ ಬಾಗಿಲ ಕಡೆ ತಿರುಗಿದರು.

"ನಮ್ಮಣ್ಣ ಅಷ್ಟು ಹೊತ್ತು ಕೂತಿರಲ್ಲ," ಎಂದರು. "ನಾನು ತೆಗೆದಾಗ ಮೆಟ್ಟಿಲು ಖಾಲಿ ಇತ್ತು."

ಅಮ್ಮಿ ನಿಧಾನವಾಗಿ ತಲೆ ಎತ್ತಿದಳು. "ನೀವು ತೆಗೆದ್ರಾ?"

"ನೀನು ನಿದ್ದೆ ಹೋಗಿದ್ದೆ. ಹತ್ತು ನಿಮಿಷ ಆಗಿತ್ತೇನೋ. ಕೆಳಗಿಳಿದು ಬೀದಿ ಕೊನೆವರೆಗೂ ಹೋದೆ. ಕಾಲಿಗೆ ಏನೂ ಹಾಕ್ಕೊಂಡಿರಲಿಲ್ಲ." ಮತ್ತೆ, "ಹತ್ತೇ ನಿಮಿಷ," ಎಂದರು.

ಯಾರೋ ಹಿಂದೆ ಕಸ ಗುಡಿಸುತ್ತಿದ್ದರು.

"ಬದಲಾಯಿಸ್ಲಾ ಅಬ್ಬಾ? ಮೆಟ್ಟಿಲು ಖಾಲಿ ಇರೋ ಹಾಗೆ?"

"ಬೇಡ." ಅಬ್ಬಾ ತಟ್ಟನೆ ಹೇಳಿದರು. "ಕೂತಿರಲಿ. ಇಷ್ಟು ಬಟ್ಟೆ ಒಳಗೆ ಮಡಿಸಿಟ್ಟು ಇಷ್ಟು ವರ್ಷ ಸುಮ್ನಿದ್ದೀಯಲ್ಲ, ನೀನೆಂಥ ದರ್ಜಿ ಮಗ." ಎದ್ದು ನಿಲ್ಲಲು ಜಿಪ್ಪುವಿನ ಭುಜ ಹಿಡಿದರು. ಅರ್ಧ ಎದ್ದವರು ಮತ್ತೆ ಕೂತರು. "ಒಂದೇ ತಪ್ಪು. ಕಾಲು ನೋವು ಅಂತ ಯಾಕೆ ಹೇಳ್ತಾನೆ? ನಮ್ಮಣ್ಣನ ಕಾಲು ಕುದುರೆ ಕಾಲು. ಹಲ್ಲು ನೋವು ಹಾಕು. ಅವನಿಗೆ ಯಾವಾಗ್ಲೂ ಹಲ್ಲು ನೋಯ್ತಿತ್ತು."

ಮುಂದಿನ ಭಾನುವಾರದಿಂದ ಅಣ್ಣನ ಪಾತ್ರದವನು ದವಡೆಯಲ್ಲಿ ಹತ್ತಿ ಇಟ್ಟುಕೊಂಡು ಮಾತಾಡಿದ. ಜನ ಮೊದಲಿಗಿಂತ ಹೆಚ್ಚು ನಕ್ಕರು.

ಉಳಿದ ಹತ್ತು ನಾಟಕಗಳ ಬಾಕಿಯನ್ನು ಅಬ್ಬಾ ಅಂಗಡಿಯಲ್ಲಿ ವಸೂಲಿ ಮಾಡಿಕೊಂಡರು. ದಿನಕ್ಕೊಂದರಂತೆ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಜಿಪ್ಪು ಜಿಪ್ಪು ಹಾಕುತ್ತಾ ಎರಡನೆಯರ್ಧ ಹೇಳಬೇಕು. ಅಬ್ಬಾ ಸೀಮೆಸುಣ್ಣ ಹಿಡಿದು ಕೇಳುತ್ತಿದ್ದರು. ನರ್ಸಿನ ಬೇಕರಿ ಒಪ್ಪಿಗೆಯಾಯಿತು. ಮೂರನೆಯದು ಸೊಂಟದ ಹತ್ತಿರ ಸಡಿಲ. ನಾಲ್ಕನೆಯದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿ, "ಬೇಜಾರು ಮಾಡ್ಕೋಬೇಡ. ಇದು ದೀಪ ಹತ್ತಿದಲ್ಲಿಗೇ ಮುಗೀಬೇಕಿತ್ತು," ಎಂದರು.

ಹದಿನೈದು ವರ್ಷ ಆ ವಿಮರ್ಶಕನ ಮೇಲೆ ಹಲ್ಲು ಕಡಿದಿದ್ದ ಜಿಪ್ಪು, "ಸರಿ ಅಬ್ಬಾ," ಎಂದು ದಾರ ಕಚ್ಚಿ ತುಂಡರಿಸಿದ.

ಮೊದಲನೆಯ ನಾಟಕ ಆ ಹಾಲಿನಲ್ಲಿ ಒಂಬತ್ತು ಭಾನುವಾರ ನಡೆಯಿತು. ಒಂಬತ್ತಕ್ಕೂ ಅಬ್ಬಾ ಹೋದರು. ಎಲ್ಲರೂ ಹೊರಗೆ ಚಹಾ ಕುಡಿಯುತ್ತಿರುವಾಗ ನಮಾಜು ಮುಗಿಸಿ ಎಲ್ಲರಿಗಿಂತ ಮೊದಲು ಅವರೊಬ್ಬರೇ ಖಾಲಿ ಹಾಲಿಗೆ ಹಿಂದಿರುಗಿ, ಮುಚ್ಚಿದ ಆ ಬಾಗಿಲಿಗೆ ಎದುರಾಗಿ ಕೂರುತ್ತಿದ್ದರು.

"ಇನ್ನೂ ಹತ್ತು ನಿಮಿಷ ಇದೆ ತಾತ. ಹೋಗಿ ಚಹಾ ಕುಡೀರಿ," ಎನ್ನುತ್ತಿದ್ದ ಬಾಗಿಲ ಬಳಿಯವನು.

"ಹತ್ತು ನಿಮಿಷ ಏನು ದೊಡ್ಡದಪ್ಪ," ಎನ್ನುತ್ತಿದ್ದರು ಅಬ್ಬಾ. "ಕೂತಿರ್ತೀನಿ."